ಬಾಯಿ ತೆರೆಯುವ ಮೊದಲೇ ಆದ ರಾಜಿ

ಇವತ್ತು ಬೆಳಿಗ್ಗೆ ಕಾಲೇಜಿನ ಜೆರಾಕ್ಸ್ ಯಂತ್ರದ ಪಕ್ಕ ನಿಂತಿದ್ದಾಗ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಬರೀ ಕಾಗದ. ನನಗೆ ಸಮಿತಿಯ ಮೇಜಿನ ಮೇಲಿದ್ದ ಒಂದು ಹಾಳೆ.

ಕೆಲವು ವರ್ಷಗಳ ಹಿಂದೆ ಪರೇಲಿನ ನಮ್ಮ ಕಾಲೇಜಿನವರು ನನ್ನನ್ನು ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಗೆ ಹಾಕಿದರು. ಅರ್ಹತೆ ಏನೆಂದು ಕೇಳಬೇಡಿ. ಸ್ಟಾಫ್ ರೂಮಿನಲ್ಲಿ ಯಾರ ಜೊತೆಗೂ ಜಗಳವಾಡದ ಪ್ರಾಣಿ ನಾನೊಬ್ಬನೇ. ಬೆನ್ನುಮೂಳೆ ಇಲ್ಲದವರಿಗೆ ಇಂಥ ಗೌರವಗಳು ತಾವಾಗಿಯೇ ಬರುತ್ತವೆ ಎಂದು ಹೆಂಡತಿ ಅಂದಳು. ಸಮಿತಿಯ ಬಟಾಟಾ ವಡಾ ಮಾತ್ರ ಚೆನ್ನಾಗಿರುತ್ತಿತ್ತು.

ನಮ್ಮಲ್ಲೊಂದು ಪದ್ಧತಿ. ಗ್ರಂಥಾಲಯ ಸಮಿತಿಯೋ ಕ್ರೀಡಾ ಸಮಿತಿಯೋ, ಯಾವುದೇ ಇರಲಿ, ಗುಮಾಸ್ತ ಪಾಟೀಲರು ಸಭೆಗೆ ಮೊದಲೇ ನಡಾವಳಿ ಟೈಪ್ ಮಾಡಿಟ್ಟಿರುತ್ತಾರೆ. ಯಾರು ಏನು ಹೇಳಿದರು, ಯಾರು ಅನುಮೋದಿಸಿದರು, ಎಲ್ಲ ಅದರಲ್ಲೇ. ನಾವು ವಡೆ ತಿಂದು, ಎಣ್ಣೆ ಕೈ ಒರೆಸಿಕೊಂಡು ಸಹಿ ಹಾಕುವುದು. ನಾನು ಆಡದ ಎಷ್ಟೋ ಒಳ್ಳೆಯ ಮಾತುಗಳು ನನ್ನ ಹೆಸರಿನಲ್ಲಿ ದಾಖಲಾಗಿವೆ.

ಒಮ್ಮೆ ಈ ಸಮಿತಿಗೆ ದೂರು ಕೊಟ್ಟವಳು ಕುರ್ಲಾದ ಚಾಳಿನ ಒಂದು ಕೋಣೆಯಿಂದ ಬರುತ್ತಿದ್ದ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ, ಕಲಬುರಗಿ ಕಡೆಯಿಂದ ಬಂದ, ಗೋಡೆ ಕಟ್ಟುವ ಗೌಂಡಿಯೊಬ್ಬರ ಮಗಳು. ಲ್ಯಾಬಿನ ಮೇಷ್ಟ್ರು ಬೇಡದ ಮೆಸೇಜು ಕಳಿಸುತ್ತಿದ್ದರು, ಒಬ್ಬಳೇ ಬಾ ಅನ್ನುತ್ತಿದ್ದರು, ಬರದಿದ್ದರೆ ಪ್ರಾಕ್ಟಿಕಲ್‌ನಲ್ಲಿ ಫೇಲು ಎಂದು ಹೆದರಿಸುತ್ತಿದ್ದರು. ಫೇಲಾದರೆ ಓದು ಸಾಕು ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದರಂತೆ.

ವಿಚಾರಣೆಯ ದಿನ ಅವಳು ಬಂದು ಕೂತಳು. ಪಾಟೀಲರು ರೂಢಿಯಂತೆ, ಯಂತ್ರದಿಂದ ಆಗಷ್ಟೇ ಬಂದ ನಡಾವಳಿಯ ಬಿಸಿ ಹಾಳೆಯನ್ನು ಮೇಜಿನ ಸುತ್ತ ಕಳಿಸಿದರು. ನಾನು ರೂಢಿಯಂತೆ ಓದದೆ ಸಹಿ ಹಾಕಿದೆ. ಕೊನೆಯ ಸಹಿ ಅವಳದು, ಹಾಗಾಗಿ ಅವಳತ್ತ ಜರುಗಿಸಿದೆ. ಅವಳು ಓದಿದಳು. ಈಗಿನ ಮಕ್ಕಳು ಏನೂ ಓದುವುದಿಲ್ಲ ಎಂದು ಭಾಷಣ ಮಾಡುತ್ತಿದ್ದವನು ನಾನೇ.

ನಾನು ಕನ್ನಡದವನೆಂದು ಅವಳಿಗೆ ಗೊತ್ತಿತ್ತು. ಮೆಲ್ಲಗೆ ಕೇಳಿದಳು: “ಸರ್, ನಾ ರಾಜಿ ಆಗೀನಿ ಅಂತ ಬರದದ ಇದರಾಗ. ನಾ ಇನ್ನಾ ಬಾಯೇ ತಗದಿಲ್ಲಲ್ರೀ?”

ಅವಳ ಮಾತನ್ನು ನಾನು ಎಲ್ಲರಿಗೂ ಹಿಂದಿಯಲ್ಲಿ ಹೇಳಬೇಕಾಯಿತು. ಅಧ್ಯಕ್ಷೆ ಮೇಡಂ ಕೈಯಲ್ಲಿದ್ದ ವಡೆ ಕೆಳಗಿಟ್ಟರು. “ಫಾರ್ಮ್ಯಾಟ್ ಆಹೆ, ಸರ್,” ಅಂದರು ಪಾಟೀಲರು, ಅದು ಎಲ್ಲರಿಗೂ ಇರುವ ನಮೂನೆಯಷ್ಟೇ ಎಂಬಂತೆ.

ನನಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು. ನನ್ನ ಸಹಿಗೆ ಅಡ್ಡಗೆರೆ ಎಳೆದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಮಾಡಿದ ಕ್ರಾಂತಿ ಅಷ್ಟೇ. “ಹೇಳಮ್ಮಾ, ಮೊದಲಿನಿಂದ ಹೇಳು,” ಅಂದೆ. ಹೇಳಿದಳು, ಮೆಸೇಜುಗಳನ್ನೂ ತೋರಿಸಿದಳು. ವಿಚಾರಣೆ ತಿಂಗಳುಗಟ್ಟಲೆ ಎಳೆಯಿತು. ಪ್ರಾಕ್ಟಿಕಲ್‌ಗೆ ಹೊರಗಿನ ಪರೀಕ್ಷಕರು ಬಂದರು, ಅವಳು ಪಾಸಾದಳು, ಮೇಷ್ಟ್ರ ಕೆಲಸ ಹೋಯಿತು.

ಇದನ್ನು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು, ನ್ಯಾಯವನ್ನು ನಾನೇ ಹೆತ್ತೆನೆಂಬಂತೆ. ಇವತ್ತು ಮಧ್ಯಾಹ್ನ ಮಾತ್ರ ಯಾಕೋ ಮನಸ್ಸು ತಡೆಯದೆ ನಡಾವಳಿಗಳ ಹಳೆಯ ಕಪಾಟು ತೆಗೆಸಿದೆ. ಅವಳಿಗಿಂತ ಮೊದಲು ಇಬ್ಬರು ಹುಡುಗಿಯರು ನಮ್ಮ ಮುಂದೆ ಕೂತಿದ್ದರು. ಎರಡೂ ಹಾಳೆಗಳಲ್ಲಿ ರಾಜಿಯಾಗಿದ್ದೇನೆ ಎಂಬ ಅದೇ ಸಾಲು, ಕೆಳಗೆ ನನ್ನ ಸಹಿ. ಅವರು ಏನು ಹೇಳಿದರೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆ ದೂರುಗಳನ್ನು ಮತ್ತೆ ಕೇಳಬೇಕೆಂದು ಮೇಡಂ ಜೊತೆ ಮಾತಾಡಿದ್ದೇನೆ, ಇಬ್ಬರ ಫೋನ್ ನಂಬರೂ ಸಿಕ್ಕಿದೆ. ಕೇಳುವುದಕ್ಕೆ ಇಷ್ಟು ತಡವಾಗಿ ಬಂದವನು ಮಾತು ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ.