ಫ್ರೀಡಾಳ ದೊಡ್ಡ ಮಂಚ

ದೋಹಾದ ಮುಶೈರಿಬ್‌ನಲ್ಲಿರುವ ಒಂದು ಸರಕು ಸಾಗಣೆ ಕಂಪನಿಯಲ್ಲಿ ಗಿರಾಕಿಗಳ ಫೋನು ಎತ್ತುವ ಕೆಲಸ ಫ್ರೀಡಾಳದ್ದು. "ಮೇಡಂ, ನನ್ನ ಕಂಟೇನರ್ ಎಲ್ಲಿಗೆ ಬಂತು?" ಎಂದು ಯಾರಾದರೂ ಕೇಳಿದರೆ, ಕಂಪ್ಯೂಟರಿನ ಪರದೆಯ ಮೇಲೆ ಇರುವೆಗಳ ಹಾಗೆ ಹರಡಿರುವ ಹಡಗುಗಳಲ್ಲಿ ಅವರದ್ದನ್ನು ಹೆಕ್ಕಿ, ದುಬೈ ದಾಟಿತು, ನಾಳೆ ಸಂಜೆಗೆ ಬರುತ್ತದೆ ಎಂದು ಹೇಳಿಬಿಡುತ್ತಾಳೆ. ಲೋಕದವರ ಹಡಗುಗಳೆಲ್ಲ ಅವಳಿಗೆ ಗೊತ್ತು. ಅವಳ ಗಂಡನಿರುವ ಹಡಗು ಮಾತ್ರ ಆ ಪರದೆಯ ಮೇಲೆ ಕಾಣುವುದಿಲ್ಲ. ಅದು ಯುದ್ಧದ ಹಡಗು. ತಾನು ಎಲ್ಲಿದ್ದೇನೆಂದು ಊರಿಗೆಲ್ಲ ಸಾರಿಕೊಂಡು ತಿರುಗುವ ಜಾತಿಯದ್ದಲ್ಲ.

ಗಂಡ ಗೇಬ್ರಿಯಲ್ ಭಾರತದ ನೌಕಾಪಡೆಯಲ್ಲಿ ಪೆಟ್ಟಿ ಆಫೀಸರ್, ಎಂಜಿನ್ ವಿಭಾಗದವನು. ಇಬ್ಬರೂ ಉಡುಪಿ ಕಡೆಯ ಶಿರ್ವದವರು. ಮದುವೆಯಾದ ಹೊಸತರಲ್ಲಿ ಫ್ರೀಡಾ ವಿಶಾಖಪಟ್ಟಣದ ಕ್ವಾರ್ಟರ್ಸ್‌ನಲ್ಲಿದ್ದಳು, ಆಮೇಲೆ ಮುಂಬೈಯಲ್ಲಿ. ಕ್ವಾರ್ಟರ್ಸ್ ಸಿಕ್ಕಿತು ಅನ್ನುವಾಗ ಗಂಡ ಸಮುದ್ರಕ್ಕೆ ಹೋಗಿರುತ್ತಿದ್ದ. ಗಂಡ ದಡಕ್ಕೆ ಬಂದ ಅನ್ನುವಾಗ ಬೇರೆ ಊರಿಗೆ ವರ್ಗದ ಆರ್ಡರ್ ಬಂದಿರುತ್ತಿತ್ತು. ದೋಹಾದ ಈ ಕೆಲಸ ಸಿಕ್ಕಿದ್ದೇ ತಡ, ಮಗಳು ಜಾನಿಸ್‌ಳ ಕೈ ಹಿಡಿದುಕೊಂಡು ವಿಮಾನ ಹತ್ತಿದಳು. "ಹೇಗೂ ಕಾಯುವುದೇ ಅಂತಾದ್ರೆ ಸಂಬಳ ತಗೊಂಡು ಕಾಯ್ತೇನೆ" ಎಂದು ಗಂಡನಿಗೆ ಹೇಳಿದಳು. ಅವನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ನೌಕಾಪಡೆಯವರ ಹೆಂಡತಿಯಾಗುವುದು ಅಂದರೆ ಕೇಳದೆ ಇರಲು ಕಲಿಯುವುದು. ಎಲ್ಲಿದ್ದೀ ಎಂದು ಕೇಳುವ ಹಾಗಿಲ್ಲ, ಯಾವಾಗ ಬರುತ್ತೀ ಎಂದು ಕೇಳುವ ಹಾಗಿಲ್ಲ. ಫೋನು ಬಂದಾಗ ಬಂತು. ಅದಕ್ಕಾಗಿ ಫ್ರೀಡಾ ಫೋನನ್ನು ಬಚ್ಚಲುಮನೆಗೂ ತೆಗೆದುಕೊಂಡು ಹೋಗುತ್ತಾಳೆ, ಶುಕ್ರವಾರ ಇಗರ್ಜಿಯ ಪೂಜೆಯ ಹೊತ್ತಿನಲ್ಲೂ ಸದ್ದು ಆರಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಬೆಳಿಗ್ಗೆ ಅಲ್ ವುಕೈರ್‌ನ ಮನೆಯಿಂದ ಬಸ್ಸು, ಬಸ್ಸಿನಿಂದ ಇಳಿದು ಮೆಟ್ರೋ. ಅಷ್ಟರೊಳಗೆ ಜಾನಿಸ್‌ಗೆ ತಿಂಡಿ, ನೀರಿನ ಬಾಟಲಿ, ಜಡೆ. ನಲ್ಲಿ ಕೆಟ್ಟರೂ ಅವಳೇ, ಮಗುವಿಗೆ ಜ್ವರ ಬಂದರೂ ಅವಳೇ, ಟೀಚರ್ ಕರೆದರೂ ಅವಳೇ. ಟೀಚರ್ ಒಮ್ಮೆ ಬಹಳ ಮೆಲ್ಲಗೆ, "ಜಾನಿಸ್ ಫಾದರ್ ಇದ್ದಾರಲ್ವಾ?" ಎಂದು ಕೇಳಿದ್ದರು. ಫ್ರೀಡಾಳಿಗೆ ನಗು ಬಂತು, ಮನೆಗೆ ಬಂದ ಮೇಲೆ ಅಳುವೂ ಬಂತು.

ಗೇಬ್ರಿಯಲ್ ಈ ಮನೆಯನ್ನು ನೋಡಿರಲಿಲ್ಲ. ಸೇವೆಯಲ್ಲಿರುವವನು ಹೊರದೇಶಕ್ಕೆ ಹೋಗಬೇಕಾದರೆ ಮೇಲಿನವರ ಒಪ್ಪಿಗೆ ಬೇಕು. ಅರ್ಜಿ ಮೇಲಕ್ಕೆ ಹೋಗಿ ಕೆಳಕ್ಕೆ ಬರುವಷ್ಟರಲ್ಲಿ ರಜೆ ಮುಗಿದಿರುತ್ತಿತ್ತು. ಹಾಗಾಗಿ ಪ್ರತಿ ಸಲ ಅವಳೇ ಶಿರ್ವಕ್ಕೆ ಹೋಗುತ್ತಿದ್ದಳು. ಅಲ್ಲಿ ಒಂದು ವಿಷಯ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ನೆಟ್ಟಿತ್ತು. ಗೇಬ್ರಿಯಲ್ ಮಂಚದ ತೀರಾ ಅಂಚಿಗೆ ಮಲಗುತ್ತಿದ್ದ. ಮೈ ಕುಗ್ಗಿಸಿ, ಒಂದು ಕೈಯಲ್ಲಿ ಮಂಚದ ಪಟ್ಟಿ ಹಿಡಿದುಕೊಂಡು. ಅವಳು ಹತ್ತಿರ ಸರಿದು ಹೆಗಲು ಮುಟ್ಟಿದರೆ ಸಾಕು, ಧಡಕ್ಕನೆ ಎದ್ದು ಕೂತು ಕಾಲಿನಲ್ಲಿ ಚಪ್ಪಲಿ ಹುಡುಕುತ್ತಿದ್ದ. ತಾನು ಹೆಂಡತಿ, ಇದು ಮನೆ, ಓಡಲಿಕ್ಕೆ ಏನೂ ಇಲ್ಲ ಎಂದು ಅವನ ಮೈಗೆ ಯಾರು ಹೇಳಬೇಕು? ಬಸ್ಸಿಗೆ ಕಾಯುವ ನೆಂಟನ ಹಾಗೆ ಮಲಗುತ್ತಾನೆ, ಅವನಿಗೆ ಯಾವ ಮನೆಯೂ ತನ್ನದಲ್ಲ, ಬಹುಶಃ ತಾನೂ ಅವನವಳಲ್ಲ ಎಂದು ಫ್ರೀಡಾ ತೀರ್ಮಾನಿಸಿಬಿಟ್ಟಿದ್ದಳು. ಆದರೆ ಬಾಯಿಬಿಟ್ಟು ಕೇಳಲಿಲ್ಲ. ಕೇಳದಿರುವುದು ಅಷ್ಟು ಅಭ್ಯಾಸವಾಗಿತ್ತು.

ದೋಹಾಕ್ಕೆ ಬಂದು ಕೈಯಲ್ಲಿ ಸ್ವಲ್ಪ ಕಾಸು ನಿಂತ ಮೇಲೆ ಅವಳು ಮೊದಲು ಮಾಡಿದ ಕೆಲಸ ನಜ್ಮಾ ಪೇಟೆಯ ಅಂಗಡಿಯಿಂದ ಒಂದು ಮಂಚ ತಂದದ್ದು. ಮಂಚ ಅಂದರೆ ಅಂತಿಂಥ ಮಂಚವಲ್ಲ, ಕೋಣೆಗೆ ಕೋಣೆಯೇ ತುಂಬುವಂಥದ್ದು. ಬಾಗಿಲಲ್ಲಿ ಹಿಡಿಸದೆ ಬಿಚ್ಚಿ ಮತ್ತೆ ಜೋಡಿಸಬೇಕಾಯಿತು. ಕೆಳಗಿನ ಫ್ಲ್ಯಾಟಿನ ವಿಲ್ಮಾ ಬಾಯಿ ಏದುಸಿರು ಬಿಡುತ್ತಾ ಮೇಲೆ ಬಂದು ನೋಡಿದವರು, "ಎಂತ ಮಾರಾಯ್ತಿ, ಇದರಲ್ಲಿ ನೀನೂ ನಿನ್ನ ಮಗಳೂ ಮಲಗುವುದಾ, ಓಡುವುದಾ?" ಎಂದರು. ಫ್ರೀಡಾ ನಕ್ಕಳು. ಒಂದು ದಿನ ಅವನು ಬರಬೇಕು, ಇದರ ಮಧ್ಯದಲ್ಲಿ ಕೈಕಾಲು ಚಾಚಿ ಮನೆಯ ಯಜಮಾನನ ಹಾಗೆ ನಿದ್ದೆ ಮಾಡಬೇಕು. ಅವಳ ಆಸೆ ಇಷ್ಟೇ.

ಈ ಸಲದ ಚಳಿಗಾಲದ ಆರಂಭದಲ್ಲಿ ದೋಹಾ ಕನ್ನಡಿಗರ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಭಾರತದ ನೌಕಾಪಡೆಯ ಹಡಗು ದೋಹಾಕ್ಕೆ ಸೌಹಾರ್ದ ಭೇಟಿಗೆ ಬರುತ್ತದೆ, ಶುಕ್ರವಾರ ನೋಡಲು ಇಷ್ಟವಿರುವವರು ಹೆಸರು ಕೊಡಿ ಎಂದು. ಹಡಗಿನ ಹೆಸರು ಓದಿದ ಫ್ರೀಡಾ ಮೆಟ್ರೋದಲ್ಲಿ ಇಳಿಯಬೇಕಾದ ನಿಲ್ದಾಣ ಬಿಟ್ಟು ಮುಂದೆ ಹೋದಳು. ಅದು ಗೇಬ್ರಿಯಲ್‌ನ ಹಡಗು.

ಅದೇ ವಾರ ಅವನ ಫೋನು ಬಂತು.

"ಅಲ್ಲಿ ಸೆಕೆ ಹೇಗುಂಟು?" ಎಂದು ಕೇಳಿದ.

"ಈಗ ಕಡಿಮೆ. ಚಳಿ ಶುರುವಾಯ್ತು."

"ಹಾಂ. ಒಳ್ಳೇದು. ಈ ಶುಕ್ರವಾರ ನಿಂಗೆ ಎಲ್ಲಿಗಾದ್ರೂ ಹೋಗ್ಲಿಕ್ಕುಂಟಾ?" ಎಂದ.

"ಜಾನಿಸ್‌ಗೆ ಸಮುದ್ರ ನೋಡ್ಬೇಕಂತೆ."

"ಕರ್ಕೊಂಡು ಹೋಗು. ಮಕ್ಕಳಿಗೆ ಸಮುದ್ರದ ಗಾಳಿ ಒಳ್ಳೇದು."

ಅವನು ಹೇಳುವ ಹಾಗಿಲ್ಲ, ಇವಳು ಕೇಳುವ ಹಾಗಿಲ್ಲ. ದೋಹಾದ ಕನ್ನಡಿಗರು, ಮಲಯಾಳಿಗಳು, ತಮಿಳರು ಎಲ್ಲರ ಫೋನಿಗೂ ಬಂದು ಬಿದ್ದಿದ್ದ ಸುದ್ದಿಯನ್ನು ಗಂಡ ಹೆಂಡತಿ ಇಬ್ಬರೇ ಮಹಾ ಗುಟ್ಟಿನ ಹಾಗೆ ಕಾಪಾಡಿದರು. ಫೋನಿಟ್ಟ ಮೇಲೆ ಫ್ರೀಡಾ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಎಷ್ಟೋ ಹೊತ್ತು ನಕ್ಕಳು.

ಮನೆ ಗುಡಿಸಿ ಒರೆಸಿ ಮಂಚಕ್ಕೆ ಹೊಸ ಚಾದರ ಹಾಸುವಾಗ ಜಾನಿಸ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಂಟು ವರ್ಷದ ಹುಡುಗಿ, ಇಂಗ್ಲಿಷ್ ಶಾಲೆ. "ಮಮ್ಮಿ, ಡ್ಯಾಡಿ ಬಂದರೆ ಸ್ಲೀಪ್ ಎಲ್ಲಿ? ಹಾಲ್‌ನಲ್ಲಾ?" ಎಂದು ಕೇಳಿದಳು. ಊರಿನಿಂದ ಬಂದ ನೆಂಟರಿಗೆಲ್ಲ ಹಾಲ್‌ನಲ್ಲೇ ಹಾಸಿಗೆ ಹಾಕುವುದು ಅವಳು ನೋಡಿದ ಕ್ರಮ. ಮಗುವಿನ ಮೇಲೆ ಸಿಟ್ಟು ಮಾಡಲಿಕ್ಕೆ ಏನಿತ್ತು? ಅಮ್ಮ ಒಳಗೊಳಗೆ ಹೆದರಿದ್ದನ್ನೇ ಮಗಳು ಬಾಯಿಬಿಟ್ಟು ಹೇಳಿದ್ದಳು.

ಶುಕ್ರವಾರ ವಿಲ್ಮಾ ಬಾಯಿಯ ಕಾರಿನಲ್ಲಿ ಮೂವರೂ ಬಂದರಿಗೆ ಹೋದರು. ಮದುವೆಮನೆಯಷ್ಟು ಜನ. ಬೂದು ಬಣ್ಣದ ಹಡಗು, ಬಿಳಿ ಉಡುಪಿನ ನಾವಿಕರು, ಎತ್ತ ನೋಡಿದರೂ ಸೆಲ್ಫಿ. ಸಾಲು ಮೆಲ್ಲಗೆ ಮೇಲೆ ಹೋಯಿತು. ಡೆಕ್ಕಿನ ಮೇಲೆ ಒಂದು ತೋಪಿನ ಪಕ್ಕದಲ್ಲಿ ನಿಂತು ಹಿಂದಿಯಲ್ಲಿ ವಿವರಣೆ ಕೊಡುತ್ತಿದ್ದವನು ಗೇಬ್ರಿಯಲ್. ಎಂಜಿನ್ ವಿಭಾಗದವನಿಗೆ ತೋಪಿನ ಕೆಲಸ ಯಾರು ಕೊಟ್ಟರೋ, ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ. ಹೆಂಡತಿಯನ್ನು ನೋಡಿದ. ಪಾಠ ನಿಲ್ಲಿಸಲಿಲ್ಲ. "ದಯವಿಟ್ಟು ಯಾರೂ ಮುಟ್ಟಬೇಡಿ" ಎಂದು ಮಾತ್ರ ಎರಡು ಸಲ ಹೇಳಿದ. ಫ್ರೀಡಾಳೂ ಟಿಕೇಟು ತೆಗೆದುಕೊಂಡು ಬಂದವಳ ಹಾಗೆ ತೋಪನ್ನೇ ನೋಡುತ್ತಾ ನಿಂತಳು.

ಈ ಶಿಸ್ತೆಲ್ಲ ಜಾನಿಸ್‌ಗೆ ಗೊತ್ತಿರಲಿಲ್ಲ. "ಡ್ಯಾಡೀ" ಎಂದು ಕೂಗಿ ಹೋಗಿ ಅವನ ಬಿಳಿ ಪ್ಯಾಂಟನ್ನು ಅಪ್ಪಿಕೊಂಡಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂದಿನ ಡ್ಯೂಟಿ ಆಫೀಸರ್ ಲೆಫ್ಟಿನೆಂಟ್ ಅರುಂಧತಿ ಅಲ್ಲಿಗೆ ಬಂದಳು. ನೋಡಿದರೆ ಇನ್ನೂ ಕಾಲೇಜು ಹುಡುಗಿ.

"ಗೇಬ್ರಿಯಲ್, ಇವರು ನಿಮ್ಮ ಮನೆಯವರಾ?"

"ಹೌದು ಮೇಡಂ. ಇಲ್ಲೇ ದೋಹಾದಲ್ಲಿ ಕೆಲಸ."

"ಇಲ್ಲೇ ಇದ್ದಾರಾ? ನೀವು ಇಷ್ಟು ದಿನ ಒಂದು ಮಾತೂ ಹೇಳಲಿಲ್ಲವಲ್ಲ."

ಗೇಬ್ರಿಯಲ್ ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿದ. ಅರುಂಧತಿ ನಕ್ಕು ಫ್ರೀಡಾಳ ಕಡೆ ತಿರುಗಿ, ಹಡಗಿನಲ್ಲಿ ಏನಾದರೂ ವಿಶೇಷವಾಗಿ ನೋಡಬೇಕೇ ಎಂದು ಕೇಳಿದಳು. ಕ್ಯಾಪ್ಟನ್ ನಿಲ್ಲುವ ಜಾಗ ಕೇಳಬಹುದಿತ್ತು. ವಿಲ್ಮಾ ಬಾಯಿ ಅದನ್ನೇ ಕೇಳು ಎಂದು ಮೊಣಕೈಯಲ್ಲಿ ತಿವಿದದ್ದೂ ಆಯಿತು.

"ಇವರು ಮಲಗುವ ಜಾಗ ನೋಡಬಹುದಾ ಮೇಡಂ?" ಎಂದಳು ಫ್ರೀಡಾ.

ಅರುಂಧತಿ ಒಂದು ಗಳಿಗೆ ಅವಳ ಮುಖ ನೋಡಿದಳು. "ಐದು ನಿಮಿಷ" ಎಂದಳು.

ಏಣಿಯಂಥ ಕಡಿದಾದ ಮೆಟ್ಟಿಲು ಇಳಿದು ಕೆಳಗೆ ಹೋದರೆ ಡೀಸೆಲ್ಲು ಮತ್ತು ಬಣ್ಣದ ವಾಸನೆ. ಉದ್ದನೆಯ ಕೋಣೆ. ಎರಡೂ ಕಡೆ ಒಂದರ ಮೇಲೊಂದು ಮೂರು ಹಲಗೆಯಂಥ ಹಾಸಿಗೆಗಳು. ನಡುವಿನದ್ದು ಗೇಬ್ರಿಯಲ್‌ನದ್ದು. ಮಲಗಿದವನು ಎದ್ದು ಕೂರುವ ಹಾಗಿಲ್ಲ, ಮೇಲಿನ ಹಾಸಿಗೆ ಹಣೆಗೆ ತಾಗುತ್ತದೆ. ಕಾಲು ಚಾಚುವುದಂತೂ ದೂರವೇ ಉಳಿಯಿತು. ಬದಿಗೆ ಒಂದು ಪಟ್ಟಿ ಬಿಗಿದಿತ್ತು.

"ಹೇಗೆ ಮಲಗ್ತೀ, ತೋರಿಸು" ಎಂದಳು ಫ್ರೀಡಾ.

"ಈಗಲಾ? ಇಸ್ತ್ರಿ ಹಾಳಾಗ್ತದೆ ಮಾರಾಯ್ತಿ."

"ಆಗ್ಲಿ."

ಅವನು ಬೂಟು ಬಿಚ್ಚಿ, ಮೈ ಕುಗ್ಗಿಸಿ, ಅಭ್ಯಾಸವಾದವನ ಹಾಗೆ ಒಂದೇ ಹೊರಳಿನಲ್ಲಿ ಒಳಗೆ ಸೇರಿಕೊಂಡ. ಸೇರಿಕೊಂಡವನು ಯಾರೂ ಹೇಳದೆಯೇ ಬಲಗೈ ಚಾಚಿ ಪಟ್ಟಿಯನ್ನು ಹಿಡಿದುಕೊಂಡ. "ಸಮುದ್ರ ಕೆಟ್ಟಾಗ ಹಿಡಿಯದಿದ್ರೆ ಕೆಳಗೆ ಬೀಳ್ತೇವೆ. ಸೈರನ್ ಆದ ಕೂಡಲೇ ಎದ್ದು ಓಡ್ಲಿಕ್ಕೂ ಉಂಟು" ಎಂದು ಮಲಗಿಕೊಂಡೇ ಮಗಳಿಗೆ ವಿವರಿಸಿದ.

ಆ ಕೈ ಫ್ರೀಡಾಳಿಗೆ ಗೊತ್ತಿತ್ತು. ಆ ಕುಗ್ಗಿದ ಮೈಯೂ ಗೊತ್ತಿತ್ತು. ಶಿರ್ವದ ಮನೆಯ ಮಂಚದ ಅಂಚಿನಲ್ಲಿ ವರ್ಷ ವರ್ಷವೂ ಅವಳು ಮುನಿಸಿಕೊಂಡು ನೋಡಿದ್ದು ಇದನ್ನೇ.

"ನೀನು ಮನೆಯಲ್ಲೂ ಹೀಗೇ ಮಲಗ್ತೀ, ಗೊತ್ತುಂಟಾ?" ಎಂದಳು.

"ಹೌದಾ?" ಗೇಬ್ರಿಯಲ್‌ಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಇಲ್ಲ ಬಿಡು. ಮನೆಯಲ್ಲಿ ನಾನು ಆರಾಮಾಗಿ ಮಲಗ್ತೇನೆ."

ಫ್ರೀಡಾಳಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಅದರ ಹಿಂದೆಯೇ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಮಗಳು ಪಕ್ಕದಲ್ಲಿ ಇಲ್ಲದಿದ್ದರೆ ಆ ಹಲಗೆಯ ಮೇಲೆಯೇ ತಲೆಯಿಟ್ಟು ಅತ್ತುಬಿಡುತ್ತಿದ್ದಳು.

ಮರುದಿನ ಬೆಳಿಗ್ಗೆ ಮನೆಗೆ ಹೋಗಿ ಸಂಜೆಯೊಳಗೆ ಹಡಗಿಗೆ ಮರಳಬೇಕೆಂಬ ಷರತ್ತಿನ ಮೇಲೆ ಅವನಿಗೆ ಅನುಮತಿ ಸಿಕ್ಕಿತು. ಅರುಂಧತಿಯೇ ಮಾತಾಡಿ ಕೊಡಿಸಿದ್ದು. ಕರೆತರಲು ವಿಲ್ಮಾ ಬಾಯಿ ಕಾರು ತೆಗೆದುಕೊಂಡು ಹೋದರು. ಫ್ರೀಡಾ ಅಂಜಲ್ ಮೀನು ಹುರಿದು, ಕೋಳಿ ಸಾರು ಮಾಡಿ, ಇಡ್ಲಿಯಂಥ ಸನ್ನಾ ಬೇಯಲು ಇಟ್ಟು, ಮಗಳನ್ನು ಕರೆದಳು.

"ಬಾ, ಈ ಮಂಚ ನೂಕುವ. ಯಲ್ಲಾ, ಬೇಗ ಬೇಗ."

ಇಬ್ಬರೂ ಸೇರಿ ಮಂಚದ ಒಂದು ಬದಿಯನ್ನು ಗೋಡೆಗೆ ತಾಗಿಸಿದರು. ಹಾಸಿಗೆಯ ನಡುವೆ ಮನೆಯಲ್ಲಿದ್ದ ದಿಂಬು, ರಜಾಯಿ, ಜಾನಿಸ್‌ಳ ದೊಡ್ಡ ಕರಡಿ ಗೊಂಬೆ ಎಲ್ಲವನ್ನೂ ಸಾಲಾಗಿ ಇಟ್ಟರು. ಹೊರಬದಿಗೆ ಊಟದ ಮೇಜಿನ ಕುರ್ಚಿಗಳನ್ನು ತಂದು, ಅವುಗಳ ಬೆನ್ನು ಹಾಸಿಗೆಗೆ ಒತ್ತಿಕೊಳ್ಳುವ ಹಾಗೆ ನಿಲ್ಲಿಸಿದರು. ಅಷ್ಟು ದೊಡ್ಡ ಮಂಚದಲ್ಲಿ ಒಬ್ಬ ಮನುಷ್ಯ ಮಲಗುವಷ್ಟೇ ಜಾಗ ಉಳಿಯಿತು.

"ಬೇಬಿ ಬರ್ತದಾ?" ಎಂದಳು ಜಾನಿಸ್.

"ನಿನ್ನ ಡ್ಯಾಡಿ ಬರ್ತಾನೆ" ಎಂದಳು ಫ್ರೀಡಾ.

ಗೇಬ್ರಿಯಲ್ ಬಂದು ಮನೆಯನ್ನೆಲ್ಲ ಸುತ್ತಿ ನೋಡಿದ. ಸೋರುವ ನಲ್ಲಿಯನ್ನು ಕಂಡದ್ದೇ ತೋಳು ಮಡಚಿ ಸರಿಮಾಡಿದ, ಬಾಲ್ಕನಿಯಲ್ಲಿ ನಿಂತು ಕೆಳಗಿನ ಮರಳು, ಹೊಸ ಕಟ್ಟಡಗಳು, ಬಸ್ಸು ನಿಲ್ಲುವ ಜಾಗ ಎಲ್ಲವನ್ನೂ ಮಗಳ ಬಾಯಿಂದ ಕೇಳಿ ತಿಳಿದುಕೊಂಡ. ಸನ್ನಾ ಎಷ್ಟು ತಿಂದನೆಂದು ಫ್ರೀಡಾ ಲೆಕ್ಕ ಇಡಲಿಲ್ಲ. ವಿಲ್ಮಾ ಬಾಯಿ ಇಟ್ಟರೇನೋ. ಊಟವಾದ ಮೇಲೆ ಫ್ರೀಡಾ, "ಸ್ವಲ್ಪ ಮಲಗು" ಎಂದು ಕೋಣೆಯ ಬಾಗಿಲು ತೆರೆದಳು.

ಅವನು ಕುರ್ಚಿಗಳನ್ನು ನೋಡಿದ, ಕರಡಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ನಗಬೇಕೆಂದು ಬಾಯಿ ತೆರೆದವನಿಗೆ ನಗು ಬರಲಿಲ್ಲ. "ನೀನೊಬ್ಬಳು" ಎಂದಷ್ಟೇ ಹೇಳಿ, ಒಂದು ಕುರ್ಚಿ ಸರಿಸಿ ಒಳಗೆ ಹೋಗಿ ಮಲಗಿದ. ಅವಳು ಕುರ್ಚಿಯನ್ನು ಮತ್ತೆ ಅಲ್ಲಿಗೇ ತಂದಿಟ್ಟಳು. ಅವನ ಕೈ ತಾನಾಗಿಯೇ ಬಂದು ಕುರ್ಚಿಯ ಬೆನ್ನಿನ ಪಟ್ಟಿಯನ್ನು ಹಿಡಿಯಿತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಫ್ರೀಡಾ ಅದೇ ಕುರ್ಚಿಯಲ್ಲಿ ಅವನ ಕಡೆ ತಿರುಗಿ ಕೂತಳು. ಮಾತಾಡಲಿಕ್ಕೆ ಬೇಕಾದಷ್ಟಿತ್ತು, ಸಿಕ್ಕಿದ ಒಂದು ಮಧ್ಯಾಹ್ನ ನಿದ್ದೆಯಲ್ಲಿ ಹೋಗುತ್ತಿತ್ತು. ಅವಳಿಗೆ ಬೇಸರವಾಗಲಿಲ್ಲ. ಕಾಯುವುದು ಅವಳಿಗೆ ಹೊಸದಲ್ಲ, ಆದರೆ ಇಷ್ಟು ಹತ್ತಿರ ಕೂತು ಕಾದದ್ದು ಇದೇ ಮೊದಲು. ನೋಡುತ್ತಾ ಇರುವಾಗಲೇ ಪಟ್ಟಿ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಕೈ ಜಾರಿ ಹಾಸಿಗೆಯ ಮೇಲೆ ಬಿತ್ತು. ಅವನು ಹೊರಳಿ, ದಿಂಬಿನ ಸಾಲನ್ನು ಕಾಲಿನಿಂದ ಒದ್ದು, ಕರಡಿಯನ್ನು ಗೋಡೆಗೆ ಅಮುಕಿ, ಮಂಚದ ತುಂಬ ಹರಡಿಕೊಂಡ.

ಕೆಳಗಿನಿಂದ ವಿಲ್ಮಾ ಬಾಯಿಯ ಫೋನು ಬಂತು. "ಹೊರಡ್ಲಿಕ್ಕೆ ಆಯ್ತು, ಎಬ್ಬಿಸು ಅವನನ್ನು."

ಫ್ರೀಡಾ ಅವನ ಹೆಗಲು ಮುಟ್ಟಿದಳು. ಅವನು ಏಳಲಿಲ್ಲ. ಅಲುಗಾಡಿಸಿದಳು. ಏಳಲಿಲ್ಲ. ಜಾನಿಸ್ ಬಂದು ಕಾಲು ಹಿಡಿದು ಎಳೆದಳು. ಗೇಬ್ರಿಯಲ್ ಕಣ್ಣು ಬಿಡದೆಯೇ ಗೊಣಗಿ, ಹೆಂಡತಿಯ ಕೈಯನ್ನು ಎಳೆದು ಕೆನ್ನೆಯ ಅಡಿಗೆ ಇಟ್ಟುಕೊಂಡ.

"ಇನ್ನೂ ಐದು ನಿಮಿಷ ಮಾರಾಯ್ತಿ."

ಹಡಗು ಯಾರಿಗೂ ಕಾಯುವುದಿಲ್ಲವೆಂದು ಫ್ರೀಡಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಕೈ ಬಿಡಿಸಿಕೊಳ್ಳದೆ, ಇನ್ನೊಂದು ಕೈಯಲ್ಲಿ ಫೋನೆತ್ತಿ, "ಐದು ನಿಮಿಷ ನಿಲ್ಲಿ ಬಾಯಿ, ಇವನಿಗೆ ನಿದ್ದೆ ಬಂದಿದೆ" ಎಂದಳು.