ಹೊದಿಸುವ ಮೊರಾಗ್
ಡನೀಡಿನ್‌ನಲ್ಲಿ ಕಿವಿಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಮೊರಾಗ್‌ಗೆ, ಪ್ರೋಗ್ರಾಂನ ಅಚ್ಚಿನಂತಿರುವ ಮೂಲ ಕ್ಲಾಸನ್ನು ಯಾರಾದರೂ ತಿದ್ದಿದರೆ ತನ್ನ ಮೈಯನ್ನೇ ಕೊಯ್ದಂತಾಗುತ್ತದೆ. ಫೋನಿಗೊಂದು, ಗದ್ದಲಕ್ಕೊಂದು, ಎರಡೂ ಬೇಕೆನ್ನುವವರಿಗೆ ಮತ್ತೊಂದು ಎಂದು ಮೂಲದಿಂದ ಮರಿ ಉಪಕ್ಲಾಸ್‌ಗಳನ್ನು ಮಾಡಹೊರಟ ಸಹೋದ್ಯೋಗಿ ವಿರೆಮುವನ್ನು, "ಹಿಂಗೇ ಹೆತ್ಕೊಂಡು ಹೋದ್ರೆ ಸಾಕೋರ್ಯಾರು ಮಾರಾಯ? ಮೂಲ ಹಂಗೇ ಇರ್ಲಿ, ಅದರ ಮೇಲೆ ಡೆಕೊರೇಟರ್ ಅನ್ನೋ ಹೊದಿಕೆ ಹೊದಿಸು. ಬೇಕಾದಾಗ ಹಾಕು, ಬೇಡಾದಾಗ ತೆಗಿ," ಎಂದು ಗದರುತ್ತಾಳೆ. ಚಹಾದ ಹೊತ್ತಿಗೂ ಅದೇ ಪಾಠ. ತಂಗಿಯ ಮದುವೆಯೂಟದಲ್ಲಿ ಮದುಮಗನನ್ನೂ ಬಿಡಲಿಲ್ಲವಂತೆ. ಗಾಳಿಯ ಸದ್ದಡಗಿಸುವ ಹೊದಿಕೆಯೊಂದನ್ನು ಬರೆದು, ಹೆಮ್ಮೆಯಿಂದ ಅಪ್ಪನ ಯಂತ್ರಕ್ಕೇ ಮೊದಲು ಹಾಕಿದಳು. ಮೊನ್ನೆ ಕಡಲದಂಡೆಯಲ್ಲಿ, ಮೀನುದೋಣಿ ಬಿಟ್ಟು ವರ್ಷಗಳಾದ ಆ ಮುದುಕ, "ಎಲ್ಲಾ ಚೆನ್ನಾಗಿ ಕೇಳುತ್ತೆ ಮಗಳೇ, ಗಾಳಿಯೊಂದೇ ಇಲ್ಲ," ಎಂದ. ಮೊರಾಗ್ ಫೋನ್ ತೆಗೆದು ಆ ಒಂದು ಹೊದಿಕೆಯನ್ನಷ್ಟೇ ಕಳಚಿದಳು. ಅಪ್ಪ ಟೊಪ್ಪಿ ತೆಗೆದು ಗಾಳಿಯತ್ತ ಮುಖ ತಿರುಗಿಸಿ, "ದಕ್ಷಿಣದ್ದು! ಮಳೆ ತರುತ್ತೆ, ಮನೆಗೆ ನಡಿ ನಡಿ," ಎಂದವನು ತಾನು ಮಾತ್ರ ಕದಲಲಿಲ್ಲ.