ಸೆರಗಿನೊಳಗೆ ಸೇರಿದ ಕೈ

ಮಗಳ ಬಾಣಂತನ ಮುಗಿಸಿ ಶಿಡ್ಲಘಟ್ಟಕ್ಕೆ ಮರಳಿದ್ದ ಮುನಿಯಮ್ಮ ಬೀದಿಯಲ್ಲೇ ಬಗ್ಗಿ ನನ್ನ ಪುಟ್ಟ ನಾಯಿಯತ್ತ ಕೈ ಚಾಚಿದರು. ಮೊದಲೆಲ್ಲ ಅವರನ್ನು ಕಂಡೊಡನೆ ಹಾರಿ ಕೈ ನೆಕ್ಕುತ್ತಿದ್ದ ಚಿನ್ನು ಈಗ ಅಲುಗದೆ ಕುಳಿತು ನನ್ನ ಮುಖ ನೋಡಿತು. ವಾಕಿಂಗ್‌ನಲ್ಲಿ ಯಾರ ಮೇಲೂ ಹಾರದಂತೆ ಬಿಸ್ಕತ್ತು ಕೊಟ್ಟು ಕಲಿಸಿದ್ದೆ.

“ಈಗ ಯಾರ ಹತ್ರಾನೂ ಹೋಗಲ್ಲ,” ಎಂದೆ, ಹೆಮ್ಮೆಯಿಂದ.

“ಒಳ್ಳೇದಾಯ್ತು ಬಿಡಮ್ಮ. ದಿನಾ ರೇಷ್ಮೆಗೂಡು ಬೇಯಿಸೋ ಕೈ, ನಾತ ಹೋಗಲ್ಲ. ಬಸ್ಸಲ್ಲೂ ಪಕ್ಕ ಯಾರೂ ಕೂರಲ್ಲ. ಇವ್ನೊಬ್ನೇ ಕಳ್ಳ, ಬಂದು ನೆಕ್ತಿದ್ದ,” ಎಂದು ನಕ್ಕು, ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

ಈಗ ಅವರು ನಮ್ಮನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ನಾನು ಹಗ್ಗ ಸಡಿಲಿಸಿ ‘ಹೋಗು’ ಎನ್ನುತ್ತೇನೆ. ಚಿನ್ನು ಕುಳಿತು, ಬಿಸ್ಕತ್ತಿಗಾಗಿ ನನ್ನ ಕೈ ನೋಡುತ್ತದೆ.